ಎರಡನೆಯ ನಂಬರು

“ಹಳೇ ಲೆಕ್ಕನೂ ತೆರ್ಕೊಂಡ್ತು ನೋಡಿ ಅಕ್ಕ!” ಎಂದು ಸಾಫ್ಟ್‌ವೇರಿನವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಸೋಮವಾರದಿಂದ ಅವನು ಡಯಾಲಿಸಿಸ್ ವಿಭಾಗದ ಈ ಇಕ್ಕಟ್ಟು ಕೋಣೆಯಲ್ಲಿ ಕೂತು, ಹಳೆಯ ಡೇಟಾಬೇಸನ್ನು ಹೊಸ ಸಾಫ್ಟ್‌ವೇರಿಗೆ ಒಗ್ಗಿಸಲು ಹೆಣಗುತ್ತಿದ್ದ. ಯಾವಾಗ ಕೇಳಿದರೂ ‘ಐದೇ ನಿಮಿಷ’ ಎನ್ನುತ್ತಿದ್ದುದರಿಂದ ನರ್ಸುಗಳು ಅವನಿಗೆ ಐದ್ನಿಮಿಷ ಎಂದೇ ಹೆಸರಿಟ್ಟಿದ್ದರು.

ಆಪರೇಟರಕ್ಕ ಸಂತೋಷಪಡಬೇಕಿತ್ತು. ಕೆಲಸಕ್ಕೆ ಸೇರಿದಂದಿನಿಂದ ಆ ಹಳೆಯ ಡೇಟಾಬೇಸನ್ನು ಹೆತ್ತ ಕೂಸಿನಂತೆ ಸಾಕಿಕೊಂಡು ಬಂದವಳು ಅವಳೇ. ಆದರೆ ಅವಳ ಕಣ್ಣೆಲ್ಲ ಮೇಜಿನ ಮೇಲಿನ ಹಳೆಯ ಗುಂಡಿ ಮೊಬೈಲಿನ ಮೇಲಿತ್ತು. ದಿನಾ ಬೆಳಿಗ್ಗೆ ಗುರ್ ಗುರ್ ಎನ್ನುತ್ತಿದ್ದ ಅದು ನಿನ್ನೆಯಿಂದ ಸುಮ್ಮನಿತ್ತು.

ಮರುದಿನ ಬರಬೇಕಾದ ರೋಗಿಗಳಿಗೆಲ್ಲ ಆ ಡೇಟಾಬೇಸು ತಾನಾಗಿಯೇ ಮೆಸೇಜು ಕಳಿಸುತ್ತಿತ್ತು: ‘ನಾಳೆ ನಿಮ್ಮ ಸರದಿ. ಹಾಸುವ ಬಟ್ಟೆ, ರಕ್ತದ ರಿಪೋರ್ಟು ತನ್ನಿ.’ ಅದನ್ನು ಮಾಡಿದ ಪುಣ್ಯಾತ್ಮ ರಕ್ತದ ಗುಂಪಿಗೆ, ತೂಕಕ್ಕೆ, ಬಸ್ ಪಾಸಿಗೆ, ಮನೆಯವರ ಎರಡನೆಯ ನಂಬರಿಗೆ, ಎಲ್ಲಕ್ಕೂ ಜಾಗ ಬಿಟ್ಟಿದ್ದ. ರೋಗಿಗಳು ಸಾಯುತ್ತಾರೆ ಎನ್ನುವುದನ್ನು ಮಾತ್ರ ಮರೆತಿದ್ದ. ಹೆಸರು ಅಳಿಸಿದರೆ ಹಿಂದಿನ ಲೆಕ್ಕವೆಲ್ಲ ಕೆಡುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಆಪರೇಟರಕ್ಕ ತನ್ನದೇ ದಾರಿ ಹುಡುಕಿಕೊಂಡಿದ್ದಳು. ಯಾರಾದರೂ ತೀರಿಕೊಂಡರೆ ಅವರ ನಂಬರನ್ನು ತೆಗೆದು ಈ ಗುಂಡಿ ಮೊಬೈಲಿನ ನಂಬರು ಹಾಕಿಬಿಡುತ್ತಿದ್ದಳು. ಸತ್ತವರ ಸರದಿಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಬೆಳಗಿನ ಟೀ ಕುಡಿಯುತ್ತ ಒಂದೊಂದಾಗಿ ಅಳಿಸುತ್ತಿದ್ದಳು.

“ಬೇರೆ ಏನಾದ್ರೂ ಹೇಳೋದಿದೆಯಾ ಅಕ್ಕ?” ಎಂದು ಐದ್ನಿಮಿಷ ಮೊದಲ ದಿನವೇ ಕೇಳಿದ್ದ. “ಏನಿಲ್ಲಪ್ಪ” ಎಂದಿದ್ದಳು. ಹೊಸ ಸಾಫ್ಟ್‌ವೇರು ಬಂದಮೇಲೆ ಆಪರೇಟರು ಬೇಕೇ ಎಂದು ಮೇಲಿನವರು ಆಗಲೇ ಗುಸುಗುಸು ಎನ್ನುತ್ತಿದ್ದರು. ಇಷ್ಟು ವರ್ಷದ ಕಳ್ಳದಾರಿ ಗೊತ್ತಾದರೆ ಅದೇ ನೆಪವಾದೀತು ಎಂಬ ಭಯ ಅವಳಿಗೆ.

“ಒಂದೇ ನಂಬರು ಎಷ್ಟೊಂದು ಜನಕ್ಕಿತ್ತು ಗೊತ್ತಾ? ಯಾರೋ ಕಣ್ಮುಚ್ಕೊಂಡು ಟೈಪ್ ಮಾಡಿದಾರೆ,” ಎಂದು ಅವನು ನಕ್ಕ. “ಹೊಸದು ಅದನ್ನ ಒಪ್ಪಲ್ಲ. ಎಲ್ಲಾ ತೆಗೆದು ಎರಡನೇ ನಂಬರ್ ಹಾಕಿಸ್ದೆ, ಮನೆಯವರದ್ದು. ನಿನ್ನೆಯಿಂದ ಮೆಸೇಜು ಕರೆಕ್ಟಾಗಿ ಹೋಗ್ತಿದೆ.”

“ನಿನ್ನೆಯಿಂದಾನಾ?” ಅವಳು ಗುಂಡಿ ಮೊಬೈಲನ್ನು ಕೈಗೆತ್ತಿಕೊಂಡಳು.

ಅವನು ಹೂಂ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮೊದಲು ಇಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದ ಫೋಟೋ ಸ್ಟುಡಿಯೋದವನ ತಾಯಿ. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಒಗೆದು ಮಡಿಸಿದ ಹಾಸು. ಬಸ್ಸಿನಲ್ಲಿ ನಿಂತೇ ಬಂದಿದ್ದಳೇನೋ, ಏದುಸಿರು ಬಿಡುತ್ತಿದ್ದಳು.

“ಪಕ್ಕದ್ಮನೆಯವಳು ಓದಿ ಹೇಳಿದ್ಲು. ಇವತ್ತು ನನ್ನ ಮಗನ ಸರದಿ ಅಂತೆ. ದೊಡ್ಡಾಸ್ಪತ್ರೆಯಿಂದ ಇಲ್ಲಿಗೇ ಕಳಿಸ್ಬಿಟ್ರಾ? ದೊಡ್ಡ ಮಗನಿಗೆ ಹೇಳೋಣ ಅಂದ್ರೆ ಅವನು ಡ್ಯೂಟಿಗೆ ಹೋಗಿದ್ದ.”

ಐದ್ನಿಮಿಷ ಅವಳ ಮಗನ ಹೆಸರು ಕೇಳಿ, ಗುಂಡಿ ಒತ್ತಿ, ಉತ್ಸಾಹದಿಂದ ಹೇಳಿದ: “ಇದಾರಮ್ಮ, ಇದಾರೆ! ಬೆಡ್ ಕೂಡ ಕೊಟ್ಟಿದೆ.”

ಮುದುಕಿಯ ಮುಖ ಅರಳಿತು. ಆಪರೇಟರಕ್ಕ ಅವನ ಭುಜವನ್ನು ಉಗುರು ನಾಟುವಂತೆ ಅದುಮಿದಳು.

ಸ್ಟುಡಿಯೋದವನು ಹೋಗಿ ವರ್ಷವಾಗುತ್ತ ಬಂದಿತ್ತು. ತಾಯಿ ಎದೆನೋವೆಂದು ಇನ್ನೊಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವನು ತೀರಿಕೊಂಡ. ಮಣ್ಣು ಮಾಡಿದ ದೊಡ್ಡವನು, ತಮ್ಮನನ್ನು ದೂರದ ದೊಡ್ಡಾಸ್ಪತ್ರೆಗೆ ಸೇರಿಸಿದ್ದೇನೆ, ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ, ಫೋನೂ ಕೊಡುವುದಿಲ್ಲ ಎಂದು ತಾಯಿಗೆ ಹೇಳಿದ್ದ. ಕಾಗದಪತ್ರಕ್ಕೆಂದು ಬಂದಾಗ ಆಪರೇಟರಕ್ಕನ ಮುಂದೆ ಇದನ್ನೆಲ್ಲ ಹೇಳಿ ಅತ್ತಿದ್ದ.

ತಾಯಿಗೆ ತನ್ನ ಕುರ್ಚಿ ಕೊಟ್ಟು, ಟೀ ತರಿಸಿ, ಆಪರೇಟರಕ್ಕ ಹೊರಗೆ ಬಂದು ದೊಡ್ಡವನಿಗೆ ಫೋನು ಮಾಡಿದಳು.

“ಏನೂ ಹೇಳ್ಬೇಡಿ ಅಕ್ಕ, ಕೈ ಮುಗೀತೀನಿ. ಆ ಜೀವ ತಡ್ಕೊಳಲ್ಲ. ಕಂಪ್ಯೂಟರ್ ತಪ್ಪು ಅನ್ನಿ. ಈಗ್ಲೇ ಹೊರಟೆ.”

ಕಂಪ್ಯೂಟರಿನ ತಪ್ಪು! ಅದು ಹೇಳಿದಷ್ಟು ಮಾಡಿತ್ತು. ಹೇಳಬೇಕಾದ್ದನ್ನು ನುಂಗಿಕೊಂಡವಳು ತಾನು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಒಳಗೆ ಬಂದು ಅದನ್ನೇ ಹೇಳಿದಳು.

“ಹೊಸದು ಹಾಕ್ತಿದಾರಮ್ಮ. ಕಂಪ್ಯೂಟರ್ ತಪ್ಪಾಗಿ ಮೆಸೇಜು ಕಳಿಸಿದೆ. ದೊಡ್ಡ ಮಗ ಬಂದು ಕರ್ಕೊಂಡು ಹೋಗ್ತಾರೆ, ಟೀ ಕುಡೀರಿ.”

ಮುದುಕಿ ಟೀ ಲೋಟವನ್ನೂ ಕುರ್ಚಿಯನ್ನೂ ಒಮ್ಮೆ ನೋಡಿದಳು.

“ವಾರಕ್ಕೆರಡು ಸಲ ಬರ್ತಿದ್ದೆ ಇಲ್ಲಿಗೆ. ಬೆಂಚ್ ಮೇಲೂ ಜಾಗ ಸಿಕ್ತಿರ್ಲಿಲ್ಲ. ‘ಆಚೆ ನಿಂತ್ಕೊಳಮ್ಮ, ದಾರಿಗೆ ಅಡ್ಡ’ ಅಂತ ನೀನೇ ಎಷ್ಟು ಸಲ ಗದರಿಲ್ಲ? ಇವತ್ತು ನಿನ್ನ ಕುರ್ಚಿ ಬಿಟ್ಕೊಟ್ಟೆ. ತಪ್ಪು ಕಂಪ್ಯೂಟರ್ದಾದ್ರೆ ನನಗ್ಯಾಕಮ್ಮ ಟೀ?”

ಪಕ್ಕದ ವಾರ್ಡಿನಲ್ಲಿ ಯಾವುದೋ ಯಂತ್ರ ಒಂದೇ ಸಮನೆ ಕೂಗುತ್ತಿತ್ತು, ಯಾರೋ ಅದನ್ನು ನಿಲ್ಲಿಸಿದರು.

“ಹೇಳು. ನಾನೇನು ಬೀಳಲ್ಲ.”

“ಅವರು ಇಲ್ಲಮ್ಮ.”

“ಯಾವಾಗ?”

“ನೀವು ಎದೆನೋವು ಅಂತ ಮಲಗಿದ್ರಲ್ಲ, ಆವಾಗ.”

ಮುದುಕಿ ಅಳಲಿಲ್ಲ. ಲೋಟವನ್ನು ಚೆಲ್ಲದಂತೆ ಮೇಜಿನ ಮೇಲಿಟ್ಟಳು. ಆಮೇಲೆ, ಹತ್ತಿರವಿದ್ದವನು ಅವನೇ ಆದ್ದರಿಂದ, ಐದ್ನಿಮಿಷನ ಕಡೆ ತಿರುಗಿ ಹೇಳತೊಡಗಿದಳು. “ಅಲ್ಲಪ್ಪ, ಚಳಿಗಾಲದಲ್ಲಿ ಅವನಿಗೆ ಸ್ವೆಟರ್ ಹೆಣೆದು ಕಳಿಸಿದ್ದೆ. ಅಳತೆ ಸರಿಹೋಯ್ತು ಅಂದ ದೊಡ್ಡವನು. ಬಣ್ಣ ತುಂಬಾ ಹಿಡಿಸ್ತಂತೆ, ಆಸ್ಪತ್ರೇಲಿ ಎಲ್ಲರಿಗೂ ತೋರಿಸ್ದನಂತೆ.” ಅವನು ಕೀಬೋರ್ಡಿನಿಂದ ತಲೆಯೆತ್ತಲಿಲ್ಲ.

ದೊಡ್ಡವನು ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದ. ತಾಯಿಯನ್ನು ನೋಡಿದ, ಆಪರೇಟರಕ್ಕನನ್ನು ನೋಡಿದ, ಬಾಗಿಲ ಚೌಕಟ್ಟು ಹಿಡಿದುಕೊಂಡ. ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ.

“ಅಮ್ಮ...”

“ಸ್ವೆಟರ್ ಎಲ್ಲಿಟ್ಟಿದೀಯ?”

“...ಕಾರ್ಖಾನೇಲಿ. ನನ್ನ ಪೆಟ್ಟಿಗೇಲಿ.”

“ಸಂಜೆ ತಂದ್ಕೊಡು. ಬಿಚ್ಬೇಕು.”

“ಬಿಡಮ್ಮ ಈಗ, ಅದೆಲ್ಲ...”

“ಬಿಚ್ಚಿ ಉಂಡೆ ಸುತ್ತಬೇಕು. ಎರಡೂ ಕೈ ಚಾಚಿ ದಾರ ಹಿಡ್ಕೊಳ್ಳೋಕೆ ಅವನಿರ್ತಿದ್ದ. ಇನ್ಮೇಲೆ ನೀನು ಹಿಡ್ಕೋಬೇಕು.”

ಅವನು ಹೂಂ ಎಂದು ಹತ್ತಿರ ಬಂದು, ಚೀಲ ಇಸಿದುಕೊಳ್ಳಲು ಎರಡೂ ಕೈ ಚಾಚಿದ. ಅವಳು ಚೀಲ ಕೊಡಲಿಲ್ಲ, ಅದನ್ನು ಎದೆಗೊತ್ತಿಕೊಂಡು ಕೂತೇ ಇದ್ದಳು. ಅವನ ಕೈಗಳು ಅವಳೆದುರು ಹಾಗೆಯೇ ಚಾಚಿಕೊಂಡು ನಿಂತವು.