ನೆರವು ನಿಂತ ನಾಲ್ಕನೇ ತಿಂಗಳು

ಮೊದಲ ಕಲ್ಲು ಬಿದ್ದಾಗ ಬೆಳಗಿನ ಹನ್ನೊಂದು ಗಂಟೆ. ಜಿಲ್ಲಾ ಖಜಾನೆಯ ಕಿಟಕಿ ಗಾಜು ಅಧಿಕಾರಿಯ ಮೇಜಿನ ತುಂಬ ಚೆಲ್ಲಿತು. ಒಂದು ಚೂರು ಅವಳ ಹುಬ್ಬಿಗೆ ನಾಟಿತು. ಅದನ್ನು ಕಿತ್ತೆಸೆದು ಎದ್ದು ನೋಡಿದಳು. ಗೇಟಿಗೆ ಒತ್ತಿಕೊಂಡು ಇನ್ನೂರು ಮುನ್ನೂರು ಜನ: ಮೇಷ್ಟ್ರುಗಳು, ಆಯಾಗಳು, ನರ್ಸುಗಳು. ನಾಲ್ಕು ತಿಂಗಳಿಂದ ಯಾರಿಗೂ ಸಂಬಳವಿಲ್ಲ. ಎಲ್ಲರ ಮುಂದೆ ನಿಂತಿದ್ದವಳು ಹೆರಿಗೆ ಆಸ್ಪತ್ರೆಯ ನರ್ಸು, ಅಧಿಕಾರಿಯ ಒಡಹುಟ್ಟಿದ ತಂಗಿ.

"ಮೇಡಂ, ಹಿಂಬಾಗಿಲಿಂದ ಹೋಗ್ಬಿಡಿ. ಇವತ್ತು ಇವರ ತಲೆ ಕೆಟ್ಟಿದೆ," ಎಂದ ಮುದಿ ಕಾವಲುಗಾರ.

"ಕೆಟ್ಟಿರೋದು ತಲೆ ಅಲ್ಲ, ಹಸಿದಿರೋದು ಹೊಟ್ಟೆ," ಎಂದು ಅವಳು ಮೆಟ್ಟಿಲಿಳಿದಳು.

ಆರು ವರ್ಷಗಳಿಂದ ಶ್ರೀಮಂತ ದೇಶಗಳು ಬಡತನ ತಗ್ಗಿಸಲೆಂದು ಕೊಡುವ ಹಣ ನೇರವಾಗಿ ಸರ್ಕಾರದ ಬೊಕ್ಕಸಕ್ಕೇ ಬೀಳುತ್ತಿತ್ತು. ಅವರು ತಾವೇ ಬಂದು ಬಾವಿ ತೋಡುತ್ತಿರಲಿಲ್ಲ, ಶಾಲೆ ಕಟ್ಟುತ್ತಿರಲಿಲ್ಲ. ನಿಮ್ಮ ಬಜೆಟ್ಟಿಗೇ ಸೇರಿಸಿಕೊಳ್ಳಿ, ಬಡವರಿಗೆ ಮುಟ್ಟಿಸಿದ್ದನ್ನು ತೋರಿಸಿ, ಅಷ್ಟೇ ಎನ್ನುತ್ತಿದ್ದರು. ಹೆರಿಗೆ ಆಸ್ಪತ್ರೆ ಹಗಲಿರುಳು ತೆರೆದಿದ್ದದ್ದು ಅದರಿಂದಲೇ. ಈ ವರ್ಷ ತಪಾಸಣೆಗೆ ಬಂದ ವಿದೇಶಿ ಹೆಂಗಸು ಮುಖಕ್ಕೆ ಮುಖ ಕೊಟ್ಟು ಕೇಳಿದಾಗ ಖಜಾನೆ ಅಧಿಕಾರಿ ಸುಳ್ಳು ಹೇಳಲಿಲ್ಲ: ಔಷಧಿಯ ಹಣ ಪೊಲೀಸರ ಉಕ್ಕಿನ ಕವಚದ ವಾಹನಗಳಿಗೆ ಹೋಗಿದೆ. ಮರುತಿಂಗಳೇ ನೆರವು ನಿಂತಿತು. ಮಂತ್ರಿಗಳು ಪೊಲೀಸರ ತಂಟೆಗೆ ಹೋಗಲಿಲ್ಲ. ಕತ್ತರಿ ಬಿದ್ದದ್ದು ನರ್ಸುಗಳ, ಮೇಷ್ಟ್ರುಗಳ ಸಂಬಳಕ್ಕೆ.

ಗೇಟಿನ ಸರಳುಗಳ ಸಂದಿಯಿಂದ ಕೈ ತೂರಿಸಿ ತಂಗಿ ಅವಳ ಕೊರಳಪಟ್ಟಿ ಹಿಡಿದಳು.

"ಸತ್ಯವಂತೆ ಅನ್ನಿಸ್ಕೊಂಡೆ, ಅಲ್ವಾ ಅಕ್ಕಾ? ರಕ್ತ ನಿಲ್ಲಿಸೋ ಇಂಜೆಕ್ಷನ್ ಇಲ್ದೆ ಮೊನ್ನೆ ಬಾಣಂತಿ ಒಬ್ಳು ನನ್ನ ಕಣ್ಮುಂದೇನೇ ಹೋದ್ಲು. ಅವಳ ಗಂಡನಿಗೆ ನಿನ್ನ ಸತ್ಯ ಕೊಡ್ಲಾ?"

"ಕದ್ದೋರನ್ನ ಕೇಳೇ!"

"ಅವರೆಲ್ಲಿ ಸಿಕ್ತಾರೆ? ಸಿಕ್ಕೋಳು ನೀನೊಬ್ಳೇ!"

ಬೀದಿಯ ತಿರುವಿನಿಂದ ಉಕ್ಕಿನ ವಾಹನ ನುಗ್ಗಿ ಬಂತು. ಎಚ್ಚರಿಕೆಯಿಲ್ಲ, ಸೈರನ್ನಿಲ್ಲ. ಜನ ಚೆಲ್ಲಾಪಿಲ್ಲಿಯಾದರು. ವಾಹನದ ಮೂತಿ ಗೇಟಿಗೆ ಗುದ್ದಿದಾಗ ತಂಗಿಯ ಬಲಗೈ ಇನ್ನೂ ಸರಳುಗಳ ನಡುವೆಯೇ ಇತ್ತು. ಮೂಳೆ ಮುರಿದ ಸದ್ದು ಅಕ್ಕನಿಗೆ ಕೇಳಿಸಿತು. ಗೇಟು ಕಿತ್ತು ಬಿತ್ತು. ಪೊಲೀಸರು ಧುಮುಕಿ ಸಿಕ್ಕಸಿಕ್ಕವರಿಗೆ ಬಾರಿಸತೊಡಗಿದರು. ಬಿದ್ದಿದ್ದ ಮೇಷ್ಟ್ರ ಬಾಯಿಗೆ ಒಬ್ಬ ಬೂಟುಗಾಲಿನಿಂದ ಒದ್ದ. "ಸ್ವಾಮಿ, ನಾನೂ ಸರ್ಕಾರಿ ನೌಕರ," ಎಂದು ಕೈಮುಗಿದ ಕಾವಲುಗಾರನ ನೆತ್ತಿಯ ಮೇಲೆ ಲಾಠಿ ಇಳಿಯಿತು. ಅವನು ಮೆಟ್ಟಿಲ ಮೇಲೆ ಕುಸಿದ, ಮತ್ತೆ ಏಳಲಿಲ್ಲ.

ಅಕ್ಕ ತಂಗಿಯ ಕಂಕುಳಿಗೆ ಕೈಹಾಕಿ ಒಳಗೆ ಎಳೆದುಕೊಂಡು ಹೋದಳು. ಬೆನ್ನಟ್ಟಿ ಬಂದ ಪೊಲೀಸ್ ನೆಲದಲ್ಲಿ ನರಳುತ್ತಿದ್ದವಳ ಮೇಲೆ ಲಾಠಿ ಎತ್ತಿದ. ತಿಜೋರಿ ಕೋಣೆಯ ಬೀಗ ಅಕ್ಕನ ಕೈಗೆ ಸಿಕ್ಕಿತು. ಸೇರು ತೂಕದ ಹಿತ್ತಾಳೆ. ಅವನ ಮುಖಕ್ಕೆ ಬೀಸಿ ಹೊಡೆದಳು. ಎರಡನೆಯ ಏಟಿಗೆ ಅವನ ಲಾಠಿ ಜಾರಿತು, ಅವನು ಮಂಡಿಯೂರಿದ. ಮೂರನೆಯದು ಬೇಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಹೊಡೆದಳು.

ಕಾವಲುಗಾರ ಆ ಸಂಜೆಯೇ ತೀರಿಕೊಂಡ. ಪೊಲೀಸನ ಒಂದು ಕಣ್ಣು ಹೋಯಿತು. ತಂಗಿಯ ಬಲಗೈಯನ್ನು ಮೊಣಕೈ ಕೆಳಗೆ ಕತ್ತರಿಸಬೇಕಾಯಿತು. ಅಕ್ಕನಿಗೆ ನಾಲ್ಕು ವರ್ಷ ಸಜೆಯಾಯಿತು. ವಾಹನ ನುಗ್ಗಿಸಲು ಹೇಳಿದವರು ಯಾರೆಂದು ನ್ಯಾಯಾಲಯ ಕೇಳಲಿಲ್ಲ.

ಎಂಟು ತಿಂಗಳಾದ ಮೇಲೆ, ಸಂಬಳಕ್ಕೆ ಮೊದಲ ಪಾಲು ಎಂಬ ಷರತ್ತಿನ ಮೇಲೆ ನೆರವು ಮತ್ತೆ ಶುರುವಾಯಿತು. ಆ ವಾರವೇ ತಂಗಿ ಜೈಲಿಗೆ ಬಂದಳು. ಅಂಗಿಯ ಖಾಲಿ ತೋಳನ್ನು ಪಿನ್ನು ಹಾಕಿ ಮಡಚಿದ್ದಳು.

"ಸಂಬಳ ಬಂತು. ನನ್ನ ಹೆರಿಗೆ ವಾರ್ಡಿಂದ ತೆಗೆದು ಚೀಟಿ ಬರೆಯೋ ಕಡೆ ಹಾಕಿದಾರೆ. ಎಡಗೈಯಲ್ಲಿ ಬರೆಯೋದು ಕಲೀತಿದೀನಿ, ಕಾಗೆ ಕಾಲು ಗುಬ್ಬಿ ಕಾಲು."

ಅಕ್ಕ ಆ ತೋಳನ್ನೇ ನೋಡುತ್ತ ಕೂತಳು. "ಆವತ್ತು ಮೂರನೇ ಏಟು ಹೊಡೀಬಾರದಿತ್ತು ಕಣೇ. ರಾತ್ರಿ ಎಲ್ಲ ಅದೇ ಕಾಣುತ್ತೆ."

"ನಾನೂ ನೋಡಿದೆ," ಎಂದಳು ತಂಗಿ. "ನನ್ನ ಸಿಟ್ಟೂ ಇನ್ನೂ ಹೋಗಿಲ್ಲ."

"ಹೋಗ್ದೇ ಇರ್ಲಿ. ನೀನು ಬರ್ತಾ ಇರು."

"ಬರ್ದೇ ಇನ್ನೆಲ್ಲಿಗೆ ಹೋಗ್ಲಿ? ಮುಂದಿನ ವಾರ ಏನ್ ತರ್ಲಿ?"

"ತಲೆಗೆ ಹಚ್ಚೋಕೆ ಎಣ್ಣೆ ತಾ."