ಜಿಂಕೆ ವರಸೆ

ರಾತ್ರಿಯಿಡೀ ಸುರಿದ ಮಳೆ ನಿಂತು, ಆ ಬೆಳಿಗ್ಗೆ ತೇರದಾಳದ ಮೇಲೆ ತೊಳೆದಿಟ್ಟ ತಾಟಿನಂಥ ಬಿಸಿಲು ಬಿದ್ದಿತ್ತು. ಬಸದಿಯಿಂದ ಬಂದ ಬಾಳವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ, ಸಿಕ್ಕ ಹುಳವನ್ನು ಮೆಲ್ಲಗೆ ಎಲೆಯ ಮೇಲೆ ಬಿಡುತ್ತಿದ್ದಳು. ಮೊಮ್ಮಗಳು ಸುಪ್ರೀತಾ ಎದುರಿಗೆ ಬಂದು, ಬೆರಳು ಮಡಚಿ ಗುರ್ರೆಂದಳು. ಅವತ್ತು ಬನಹಟ್ಟಿಯಲ್ಲಿ ಅವಳ ಕುಂಗ್‌ಫು ಕ್ಲಾಸಿನ ಪ್ರದರ್ಶನ. ಚೀನಾದವರು ಪ್ರಾಣಿಗಳನ್ನು ನೋಡಿ ನೋಡಿ ಕಟ್ಟಿದ ವರಸೆಗಳು. ಸುಪ್ರೀತಾಗೆ ಅವೆಂದರೆ ಜೀವ.

"ಏನ್ ಬೇ ಅದು?"

"ಹುಲಿ, ಆಯಿ."

"ಹುಲಿ ಜೀವಾ ತಿಂತೈತಿ. ಬ್ಯಾಡ."

"ಕೊಕ್ಕರಿ ಮಾಡ್ಲಿ? ಯಾವ ಪ್ರಾಣಿ ಆದ್ರೂ ನಡೀತೈತಿ ಅಂದಾರ ಸರ್."

"ಮುನಿಗೋಳಂಗ ನಿಂತು ಮೀನ ನುಂಗತೈತಿ, ಕಳ್ಳ!"

"ಹಾವು?"

"ಕಪ್ಪಿ, ಇಲಿ."

"ಮಂಗ್ಯಾ? ಅದು ಹಣ್ಣ ತಿಂತೈತಿ."

"ಕದ್ದು ತಿಂತೈತಿ."

"ಹಂಗಾರ ಜಿಂಕಿ?"

ಬಾಳವ್ವನ ಕೈ ಅಕ್ಕಿಯಲ್ಲೇ ನಿಂತಿತು. ಎಷ್ಟು ಹುಡುಕಿದರೂ ಜಿಂಕೆಯ ತಪ್ಪು ಸಿಗಲಿಲ್ಲ. "ಆತು, ಮಾಡು. ನಾನೂ ಬರ್ತೇನಿ. ಹೊಡದಾಟ ಕಂಡ್ರ ನಾಳಿಯಿಂದ ಕ್ಲಾಸ್ ಬಂದ್, ನೋಡು!"

ಬನಹಟ್ಟಿಯಲ್ಲಿ ಮಗ್ಗ ಸರಿಸಿ ಖಾಲಿ ಮಾಡಿದ ಶೆಡ್ಡಿನಲ್ಲಿ ಜನ ನೆರೆದಿದ್ದರು. ನೇಕಾರರ ಗಟ್ಟಿ ಹುಡುಗಿ ಸ್ನೇಹಾ ಹುಲಿಯಾಗಿ ಬಂದಳು. ಸುಪ್ರೀತಾ ಹೊಡೆಯಲಿಲ್ಲ, ಕತ್ತು ಹೊರಳಿಸಿ ನೋಡುವಳು, ಹಾರುವಳು, ಮತ್ತೆ ನೋಡುವಳು. ಹುಲಿ ಬರೀ ಗಾಳಿ ಪರಚಿತು. ಹಾರುತ್ತ ಹಾರುತ್ತ ಗೋಡೆಯ ಮೂಲೆ ಬಂತು. ಇನ್ನು ಜಾಗವಿಲ್ಲ.

"ಒದಿ ಬೇ, ಒದಿ! ಏನ್ ನೋಡಾಕತ್ತಿ!"

ಶೆಡ್ಡೆಲ್ಲ ತಿರುಗಿ ನೋಡಿತು. ಕೂಗಿದವಳು ಬಾಳವ್ವ. ಸೆರಗು ತಾನಾಗಿ ಬಾಯಿಗೆ ಹೋಯಿತು.

"ಯಕ್ಕಾ, ಜಿಂಕಿ ಒದೀತೈತೇನ್ರಿ?" ಪಕ್ಕದಲ್ಲಿ ಕೂತಿದ್ದ ಅನಸವ್ವ ನಕ್ಕಳು.

"ಎದಿ ಧಸಕ್ ಅಂತು ತಂಗಿ, ಬಾಯಿ ಜಾರ್ತು," ಎಂದ ಬಾಳವ್ವ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಪಿಸುಗುಟ್ಟಿದಳು.

ಸುಪ್ರೀತಾ ಒದೆಯಲಿಲ್ಲ. ಕುಗ್ಗಿ, ಹುಲಿಯ ತೋಳಿನ ಕೆಳಗಿಂದ ನುಸುಳಿ ಹೊರಬಿದ್ದಳು. ಮುನ್ನುಗ್ಗಿದ ಸ್ನೇಹಾ ಗೋಡೆಗೆ ಕೈಯೂರಿ, ಏದುಸಿರಿನಲ್ಲೇ ನಗತೊಡಗಿದಳು. ಚಪ್ಪಾಳೆ ಬಿತ್ತು.

ಬೆವರೊರೆಸಿಕೊಳ್ಳುತ್ತ ಬಂದ ಸುಪ್ರೀತಾ, ಅಜ್ಜಿಯ ಎದುರು ಮುಷ್ಟಿಗೆ ಅಂಗೈ ಒತ್ತಿ ತಲೆಬಾಗಿದಳು.

"ಇದ್ಯಾವ ಪ್ರಾಣಿ ಬೇ?"

"ಪ್ರಾಣಿ ಅಲ್ಲ ಆಯಿ, ನಮಸ್ಕಾರ. ಮಾಡಿದವ್ರಿಗೆ ತಿರುಗಿ ಮಾಡಬೇಕು."

ಬಾಳವ್ವ ಅತ್ತಿತ್ತ ನೋಡಿದಳು. ಜನ ಚಹಾದ ಕಡೆ ಹೊರಟಿದ್ದರು. ಅವಳು ಕೈಚೀಲ ಕೆಳಗಿಟ್ಟಳು. ಮುಷ್ಟಿ ಕಟ್ಟಿ, ಅದಕ್ಕೆ ಅಂಗೈ ಒತ್ತಿ, ಮೊಮ್ಮಗಳಿಗೆ ಮೆಲ್ಲಗೆ ತಲೆಬಾಗಿದಳು.