ಛತ್ರದಲ್ಲಿ ಒಬ್ಬರಿಗೆ ಜಾಗ

ಸಾತನೂರಿನಿಂದ ಸಾವನದುರ್ಗಕ್ಕೆ ಹೋಗಬೇಕಾದರೆ ಆ ಕಾಲಕ್ಕೆ ನಾಲ್ಕು ಬಸ್ಸು ಹತ್ತಿ ಇಳಿಯಬೇಕಾಗಿತ್ತು. ಕನಕಪುರಕ್ಕೊಂದು, ರಾಮನಗರಕ್ಕೊಂದು, ಮಾಗಡಿಗೊಂದು, ಅಲ್ಲಿಂದ ಬೆಟ್ಟದ ಬುಡಕ್ಕೆ ಮತ್ತೊಂದು. ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟ ಚಿಕ್ಕಲಕ್ಷ್ಮಮ್ಮ ಮತ್ತು ಅವಳ ಗಂಡ ಕೆಂಪಯ್ಯ ನಾಲ್ಕನೆಯ ಬಸ್ಸಿನಿಂದ ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕೆಂಪಯ್ಯ ಇಳಿದವನೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಎದುರಿಗೆ ಅರ್ಧ ಆಕಾಶ ಮುಚ್ಚಿಕೊಂಡು ನಿಂತಿದ್ದ ಬಂಡೆಯನ್ನು ಅವನು ಕತ್ತೆತ್ತಿ ಸಹ ನೋಡಲಿಲ್ಲ.

"ಕಬ್ಬಾಳಮ್ಮ ಮನೆ ಪಕ್ಕದಾಗೇ ಅವ್ಳೆ," ಎಂದ. ಬೆಳಗಿನಿಂದ ಇದು ಐದನೇ ಸಲ. "ಹೋಗಿ ಕೈಮುಗ್ದು ಉಣ್ಣೋ ಹೊತ್ಗೆ ಮನೆಗೆ ಬಂದ್ಬುಡಬೋದಿತ್ತು. ನಿಂಗೆ ನಾಕು ಬಸ್ಸಿನ ದ್ಯಾವ್ರೇ ಬೇಕಾಯ್ತು."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆಪತ್ತಿನಲ್ಲಿ ಬಾಯಿಗೆ ಬರುವ ದೇವರನ್ನು ಬಸ್ಸಿನ ದಾರಿ ನೋಡಿಕೊಂಡು ಯಾರೂ ಆರಿಸುವುದಿಲ್ಲ. ಎರಡು ತಿಂಗಳ ಹಿಂದೆ ಕೆಂಪಯ್ಯನಿಗೆ ನ್ಯುಮೋನಿಯಾ ಆಗಿ, ಕನಕಪುರದ ಆಸ್ಪತ್ರೆಯಲ್ಲಿ ಉಸಿರು ಎಳೆದುಕೊಳ್ಳಲಾರದೆ ಕಣ್ಣು ಮೇಲೆ ಮಾಡಿದ ದಿನ, ಚಿಕ್ಕಲಕ್ಷ್ಮಮ್ಮನ ಬಾಯಿಗೆ ಬಂದದ್ದು ತವರಿನ ಮನೆದೇವರು ಸಾವನದುರ್ಗದ ನರಸಿಂಹಸ್ವಾಮಿ. ತವರಿನ ಕಡೆ ಹೆಂಗಸರು ಗಂಡನ ಜೀವಕ್ಕೆ ಹೊರುತ್ತಿದ್ದ ಹರಕೆಯನ್ನೇ ಅವಳೂ ಹೊತ್ತಳು. ಇವರು ಎದ್ದು ಕೂತರೆ ನನ್ನ ಕತ್ತಿನ ತಾಳಿ ನಿನ್ನ ಹುಂಡಿಗೆ, ಒಂದು ರಾತ್ರಿ ಬರಿಗೊರಳಲ್ಲಿ ನಿನ್ನ ಬೆಟ್ಟದ ಬುಡದಲ್ಲಿರುತ್ತೇನೆ, ಬೆಳಗಿನ ಅಭಿಷೇಕ ಆದಮೇಲೆ ನಿನ್ನ ಮುಂದೆಯೇ ಇವರ ಕೈಯಿಂದ ಅರಿಸಿನದ ಕೊಂಬು ಕಟ್ಟಿಸಿಕೊಳ್ಳುತ್ತೇನೆ ಎಂದು.

ಕೆಂಪಯ್ಯ ಎದ್ದು ಕೂತ. ಎದ್ದು ಕೂತವನಿಗೆ ಹಸಿವಾಯಿತು, ಸಿಟ್ಟು ಬಂತು, ಸಾರಿಗೆ ಉಪ್ಪು ಕಮ್ಮಿ ಎನ್ನುವುದು ಗೊತ್ತಾಯಿತು. ಡಾಕ್ಟರು ಮನೆಗೆ ಕಳಿಸುವಾಗ ಒಂದೇ ಮಾತು ಹೇಳಿದ್ದರು: ಈ ಚಳಿಗಾಲ ಮುಗಿಯುವ ತನಕ ಇಬ್ಬನಿಗೆ ಮೈ ಒಡ್ಡಬೇಡ, ಎದೆ ಇನ್ನೂ ಹಸಿ. ಮನೆಯಲ್ಲಿ ರೇಷ್ಮೆ ಹುಳು ಗೂಡು ಕಟ್ಟಿ, ಹುಳು ಹಬ್ಬಿಸುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಕಳಿಸಿದ ಮಾರನೆಯ ದಿನವೇ ಚಿಕ್ಕಲಕ್ಷ್ಮಮ್ಮ ಹೊರಟಿದ್ದಳು. ಮುಂದಿನ ಮರಿ ಹುಳು ಬರುವುದರೊಳಗೆ ನಾಲ್ಕು ದಿನ ಬಿಡುವು. ಆ ನಾಲ್ಕು ದಿನ ಧನುರ್ಮಾಸದಲ್ಲಿ ಬಿದ್ದದ್ದು ಅವಳ ತಪ್ಪಲ್ಲ.

ಅವಳ ತಪ್ಪು ಬೇರೆ. ದೊಡ್ಡ ಕೆಲಸ ಮೊದಲು ಮುಗಿಯಲಿ, ಉಳಿದದ್ದು ಹೇಗೋ ಆಗುತ್ತದೆ ಎಂದುಕೊಂಡು ನೆಟ್ಟಗೆ ಗುಡಿಗೆ ಹೋದಳು. ಮೂವತ್ತೊಂದು ವರ್ಷ ಕತ್ತಿನಲ್ಲಿದ್ದ ತಾಳಿಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಹುಂಡಿಯ ಬಾಯಿಗೆ ಬಿಟ್ಟಳು. ಒಳಗೆ ಚಿಲ್ಲರೆಯ ಮೇಲೆ ಅದು ಬಿದ್ದ ಸದ್ದು ಕೇಳಿಸಿತು. ಒಂದು ಗಳಿಗೆ ಎದೆ ಖಾಲಿಯಾದಂತಾಗಿ, ಆಮೇಲೆ ಹಗುರವಾಯಿತು. ಕಾಲು ನೋಯುತ್ತಿದ್ದದ್ದು ಸಹ ಮರೆತುಹೋಯಿತು. ಗಂಡನನ್ನು ಕರೆದುಕೊಂಡು, ಗುಡಿಯ ಪಕ್ಕದ ಬೀದಿಯಲ್ಲಿದ್ದ ಛತ್ರಕ್ಕೆ ನಡೆದಳು.

ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಯಾತ್ರಿಕರಿಗೆಂದು ಕಟ್ಟಿಸಿದ ಛತ್ರ ಅದು. ದುಡ್ಡು ಕಾಸು ಕೇಳುವುದಿಲ್ಲ. ಸಂಸಾರವಂದಿಗರಿಗೆ ಆರು ಕೋಣೆ, ಒಂಟಿ ಗಂಡಸರಿಗೆ ಒಂದು ದೊಡ್ಡ ಹಾಲು; ಹೆಂಗಸರ ಜೊತೆ ಬಂದವರನ್ನು ಅದರೊಳಗೆ ಬಿಡುತ್ತಿರಲಿಲ್ಲ. ಒಂಟಿ ಹೆಂಗಸರು ಯಾತ್ರೆ ಮಾಡುತ್ತಾರೆ ಎನ್ನುವುದು ಕಟ್ಟಿಸಿದ ಪುಣ್ಯಾತ್ಮರ ತಲೆಗೆ ಹೊಳೆದಿರಲಿಲ್ಲ. ಹಗಲು ಹೊತ್ತು ರಿಜಿಸ್ಟರ್ ನೋಡಿಕೊಳ್ಳುತ್ತಿದ್ದವನು ನರಸಯ್ಯ ಎಂಬ ರೈಟರು. ಅವನು ಮೊದಲು ಕೆಂಪಯ್ಯನ ಮುಖ ನೋಡಿದ, ಆಮೇಲೆ ಚಿಕ್ಕಲಕ್ಷ್ಮಮ್ಮನ ಕತ್ತು ನೋಡಿದ. ಪೆನ್ನಿನ ಕ್ಯಾಪು ಮುಚ್ಚಿದ.

"ಇವ್ರು ನಿಮಗೇನಾಗಬೇಕು?" ಎಂದು ಕೆಂಪಯ್ಯನನ್ನು ಕೇಳಿದ.

"ಹೆಂಡ್ರು ಕಣಯ್ಯ, ಇನ್ನೇನಾಗಬೇಕು?"

"ತಾಳಿ ಎಲ್ಲೈತೆ?"

ಚಿಕ್ಕಲಕ್ಷ್ಮಮ್ಮ ಹರಕೆಯ ಕಥೆ ಹೇಳಿದಳು. ಆಸ್ಪತ್ರೆಯಿಂದ ಹಿಡಿದು ಹುಂಡಿಯ ತನಕ ಒಂದೂ ಬಿಡದೆ ಹೇಳಿದಳು. ನರಸಯ್ಯ ತಲೆ ಆಡಿಸುತ್ತ ಕೇಳಿದ. ಕೇಳಿ, "ಹುಂಡಿ ಒಡೆಯೋದು ತಿಂಗಳ ಕೊನೆಗೆ ಕಣಮ್ಮ. ಆವತ್ತು ಬಾ, ನೋಡ್ಬುಟ್ಟು ರೂಮು ಕೊಡ್ತೀನಿ," ಎಂದ. "ರೇಷನ್ ಕಾರ್ಡ್ ಏನಾರ ತಂದಿದ್ದೀರಾ?"

"ದ್ಯಾವ್ರ ತಾವಕ್ಕೆ ರೇಷನ್ ಕಾರ್ಡ್ ಯಾರು ತತ್ತಾರಪ್ಪ?"

"ಅದಕ್ಕೇ ಯೋಳೋದು. ಓದ ಸಾರಿ ಹಿಂಗೇ ಒಂದು ಜೋಡಿಗೆ ವಯಸ್ಸು ನೋಡಿ ರೂಮು ಕೊಟ್ಟೆ. ಬೆಳಿಗ್ಗೆ ಆಯಮ್ಮನ ಗಂಡ ದೊಣ್ಣೆ ಹಿಡ್ಕೊಂಡು ಬಂದ. ಒಡೆಸ್ಕೊಂಡೋನು ನಾನು."

ನರಸಯ್ಯ ಕೆಟ್ಟವನಲ್ಲ. ಹೊಡೆತ ತಿಂದ ಮನುಷ್ಯ, ಅಷ್ಟೇ. ದಾರಿಯನ್ನೂ ಅವನೇ ತೋರಿಸಿದ. "ಅಂಗಡೀಲಿ ಒಂದು ಅರಿಸಿನದ ಕೊಂಬು ತಗೊಂಡು, ನಿಮ್ಮ ಯಜಮಾನ್ರ ಕೈಲಿ ನನ್ನ ಎದುರಿಗೇ ಕಟ್ಟಿಸ್ಕೊಂಬುಡಮ್ಮ. ಬೀಗದ ಕೈ ಕೊಡ್ತೀನಿ."

ಕೆಂಪಯ್ಯನ ಮುಖ ಅರಳಿತು. "ನೋಡು, ಎಷ್ಟು ಸಲೀಸು! ನಡಿ, ಕಟ್ತೀನಿ."

"ಬ್ಯಾಡಿ," ಎಂದಳು ಚಿಕ್ಕಲಕ್ಷ್ಮಮ್ಮ.

"ಯಾಕ್ ಬ್ಯಾಡ?"

"ನಾಳಿಕ್ಕೆ ಬೆಳಿಗ್ಗೆ ಕಟ್ಟೋದು. ಇವತ್ತು ಕಟ್ಟುದ್ರೆ ಹರಕೆ ಮುರುದಂಗಲ್ವಾ? ನಿಮ್ಮ ಜೀವದ ಮ್ಯಾಲೆ ಹೊತ್ತಿರೋದು."

"ನನ್ನ ಜೀವ ಈಗ ಒಂದು ಚಾಪೆ ಕೇಳ್ತಾ ಐತೆ ಕಣೇ," ಎಂದು ಕೆಂಪಯ್ಯ ಕೆಮ್ಮಿದ. ಒಂದು ಸಲ ಹಿಡಿದರೆ ಬೇಗ ಬಿಡದ ಕೆಮ್ಮು ಅದು. ಗೋಡೆ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ.

ಚಿಕ್ಕಲಕ್ಷ್ಮಮ್ಮ ಅವನ ಬೆನ್ನು ಸವರಿದಳು. ಕಟ್ಟಿಸಿಕೊಳ್ಳದಿದ್ದರೆ ಈ ಮನುಷ್ಯ ರಾತ್ರಿಯೆಲ್ಲ ಇಬ್ಬನಿಯಲ್ಲಿ ಬಿದ್ದಿರಬೇಕು. ಕಟ್ಟಿಸಿಕೊಂಡರೆ, ಸಾವಿನ ಬಾಯಿಂದ ಇವನನ್ನು ಎಳೆದುಕೊಟ್ಟ ದೇವರಿಗೆ ಅವನ ಬಾಗಿಲಲ್ಲೇ ಮಾತು ತಪ್ಪಬೇಕು. ಎರಡರಲ್ಲೂ ಪಣಕ್ಕಿದ್ದದ್ದು ಗಂಡನ ಜೀವವೇ. ಡಾಕ್ಟರ ಮಾತು ಹೆಚ್ಚೋ ದೇವರ ಮಾತು ಹೆಚ್ಚೋ ಎಂದು ಕೇಳಿದ್ದರೆ, ಆಸ್ಪತ್ರೆಯಲ್ಲಿ ಆ ದಿನ ಡಾಕ್ಟರೇ ಕೈಚೆಲ್ಲಿ, ದೇವರನ್ನು ನೆನೆಸ್ಕೊಳ್ಳಮ್ಮ ಎಂದದ್ದನ್ನು ಅವಳು ಹೇಳುತ್ತಿದ್ದಳು.

"ನೀವು ಇಲ್ಲೇ ಜಗಲಿ ಮ್ಯಾಲೆ ಕೂತಿರಿ," ಎಂದಳು. "ಇಷ್ಟೊಂದು ಮನೆ ಅವೆ. ಎಲ್ಲಾರ ಒಂದು ತಾವು ನೋಡ್ಕೊಂಡು ಬತ್ತೀನಿ."

"ನಿನ್ನ ಹಟ," ಎಂದು ಕೆಂಪಯ್ಯ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಗೋಡೆಗೆ ಒರಗಿದ. 

ಚಿಕ್ಕಲಕ್ಷ್ಮಮ್ಮ ಮೊದಲು ಪೂಜಾರರ ಮನೆಗೆ ಹೋದಳು. ಅಲ್ಲಿ ನೆಂಟರು ಬಂದಿದ್ದರು, ನಡುಮನೆಯಿಂದ ಹಜಾರದ ತನಕ ಹಾಸಿಗೆ ಸುರುಳಿ. ಇನ್ನೊಂದು ಮನೆಯ ಯಜಮಾನಿ ಬಾಗಿಲಲ್ಲೇ ನಿಲ್ಲಿಸಿ, ಇವಳ ಕತ್ತು ನೋಡಿ, ಗಂಡನೂ ಜೊತೆಗಿದ್ದಾನೆ ಎಂದು ಕೇಳಿ, ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಹೋಟೆಲಿನವನು ಬೆಂಚು ಕೊಡುತ್ತೇನೆ ಎಂದ, ಆದರೆ ಹೋಟೆಲಿಗೆ ಮೂರೇ ಗೋಡೆ. ಬರಿಗೊರಳಿನ ಹೆಂಗಸು ಮನೆ ಮನೆ ಬಾಗಿಲಲ್ಲಿ ನಿಂತು 'ನನ್ನ ಗಂಡ' ಎನ್ನುವುದು ಎಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಆವತ್ತೇ ಗೊತ್ತಾದದ್ದು. ಐದನೆಯ ಬಾಗಿಲ ಹೊತ್ತಿಗೆ ಅವಳು ಕಥೆಯನ್ನೆಲ್ಲ ಬಿಟ್ಟು, ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದುಕೊಂಡು, "ಒಂದು ರಾತ್ರಿ ಮಲಗಕ್ಕೆ ತಾವು ಐತಾ?" ಎಂದಷ್ಟೇ ಕೇಳತೊಡಗಿದ್ದಳು. ಕಾಲಿನ ಹಿಮ್ಮಡಿ ಒಡೆದು ಉರಿಯುತ್ತಿತ್ತು. ಬಿಸಿಲು ಬಂಡೆಯ ತಲೆ ದಾಟಿ ಹೋಗಿ, ಬೀದಿಗೆಲ್ಲ ಅದರ ನೆರಳು ಬಿದ್ದಿತ್ತು.

ಕೊನೆಗೆ ಒಪ್ಪಿದವಳು ಗುಡಿಯ ಮುಂದೆ ಹೂವು, ತುಳಸಿ ಮಾರುವ ಕಾವೇರಮ್ಮ. ಅಂಗಡಿಯ ಹಿಂದೆಯೇ ಅವಳ ಗುಡಿಸಲು. ಸೋಗೆಯ ಮಾಡು, ಮಣ್ಣಿನ ಗೋಡೆ, ಒಳಗೆ ಒಂದು ಒಲೆ. ಹೂವು ಕಟ್ಟುತ್ತ ಕಟ್ಟುತ್ತಲೇ ಅವಳು ಇವಳ ಕಥೆ ಕೇಳಿದಳು.

"ಕರ್ಕೊಂಬಾ ಅಕ್ಕ," ಎಂದಳು. "ಅವ್ರು ಒಲೆ ಮಗ್ಗುಲಿಗೆ ಮಲೀಕಳ್ಳಿ, ಬೆಚ್ಚಗಿರ್ತದೆ. ನಾನೂ ನೀನೂ ಹೂವಿನ ಮಂಕ್ರಿ ಸರಿಸ್ಕೊಂಡು ಆ ಕಡೆ ಬಿದ್ಕೊಳಾನ. ನನ್ನ ಕತ್ತಲ್ಲಿ ತಾಳಿ ಐತೆ ನೋಡು, ಕಟ್ಟಿದೋನು ಎಲ್ಲವ್ನೋ ಆರು ವರ್ಷದಿಂದ ಗೊತ್ತಿಲ್ಲ. ನಿನ್ನ ಕತ್ತಲ್ಲಿಲ್ಲ, ಕಟ್ಟಿದೋನು ಜಗಲಿ ಮ್ಯಾಲೆ ಕೂತವ್ನೆ. ಪುಣ್ಯವಂತೆ ನೀನೇ."

ಚಿಕ್ಕಲಕ್ಷ್ಮಮ್ಮನಿಗೆ ಆ ಮಾತು ಕೇಳಿ ಅಳು ಬರುವ ಹಾಗಾಯಿತು. ನೋಯುವ ಕಾಲನ್ನೂ ಲೆಕ್ಕಿಸದೆ ಛತ್ರದ ಕಡೆ ಸರಸರ ನಡೆದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಲ್ಲೇ ಮಾಡಿಕೊಂಡಳು: ನೋಡಿ, ತಾವೂ ಸಿಕ್ತು, ಹರಕೆಯೂ ಉಳೀತು, ಇನ್ನ ಬಯ್ಯಬ್ಯಾಡಿ.

ಛತ್ರದಲ್ಲಿ ಅಷ್ಟು ಹೊತ್ತಿಗೆ ನರಸಯ್ಯ ಮನೆಗೆ ಹೋಗಿ, ಸಂಜೆಯ ಪಾಳಿಗೆ ಮುನಿಶಾಮಯ್ಯ ಎಂಬ ಮುದುಕ ಬಂದಿದ್ದ. ಒಂಟಿ ಗಂಡಸರ ಹಾಲಿನ ಬಾಗಿಲು ತೆಗೆದು, ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು, ಜಗಲಿಯ ಮೇಲೆ ಮುದುರಿ ಕೂತಿದ್ದ ಕೆಂಪಯ್ಯನ ಮುಂದೆ ನಿಂತಿದ್ದ. ಚಿಕ್ಕಲಕ್ಷ್ಮಮ್ಮ ಮೆಟ್ಟಿಲ ಕೆಳಗೆ, ಕಂಬದ ಹಿಂದಿನಿಂದ ಬರುತ್ತಿದ್ದಳು. ಇಬ್ಬರೂ ಅವಳನ್ನು ನೋಡಲಿಲ್ಲ.

"ಎಷ್ಟು ಜನ ಬಂದಿದ್ದೀರಿ?" ಎಂದ ಮುನಿಶಾಮಯ್ಯ. "ಹೆಂಗಸ್ರು ಯಾರಾದ್ರೂ ಜತೇಗವ್ರಾ?"

"ಯಾರೂ ಇಲ್ಲ," ಎಂದ ಕೆಂಪಯ್ಯ. "ಒಬ್ನೇ ಬಂದಿವ್ನಿ."

"ಬಾ ಮತ್ತೆ ಒಳಕ್ಕೆ. ಚಾಪೆ ಐತೆ, ಕಂಬ್ಳಿ ಐತೆ. ಬೆಳಿಗ್ಗೆ ಬಿಸ್ನೀರೂ ಸಿಕ್ತದೆ."

ಕೆಂಪಯ್ಯ ಎದ್ದ. ಬೀದಿಯ ಆ ತುದಿಗೊಮ್ಮೆ ನೋಡಿದ, ಅವಳು ಹೋಗಿದ್ದ ದಿಕ್ಕಿಗೆ. ಆಮೇಲೆ ಒಳಗೆ ಹೋದ.

ಅವಳು ಕಂಬದ ಹಿಂದೆಯೇ ನಿಂತಿದ್ದಳು. ಸಿಟ್ಟು ಬಂತು. ಕೂಗಿ ಕರೆದು, ಆ ಮುದುಕನ ಎದುರಿಗೇ ಮಾನ ಕಳೆಯಬೇಕು ಎನ್ನುವಷ್ಟು ಬಂತು. ಆದರೆ ಒಳಗಿಂದ ಚಾಪೆ ಬಿಡಿಸುವ ಸದ್ದು, ಕೆಂಪಯ್ಯ "ಉಸ್ಸಪ್ಪಾ" ಎಂದು ಕಾಲು ಚಾಚುವ ಸದ್ದು ಕೇಳಿಸಿತು. ಆ ಹಾಲಿಗೆ ನಾಲ್ಕು ಗೋಡೆ ಇದ್ದವು, ಹೆಂಚು ಇತ್ತು, ಕಂಬಳಿ ಇತ್ತು. ಅವನು ತನ್ನನ್ನು ಒಂದು ಮಾತು ಕೇಳಿದ್ದರೆ, ಒಬ್ಬನೇ ಅನ್ನಿ, ಹೋಗಿ ಮಲಗಿಕೊಳ್ಳಿ ಎಂದು ತಾನೇ ಹೇಳಿ ಕಳಿಸುತ್ತಿದ್ದಳು. ಕೇಳಲಿಲ್ಲವಲ್ಲ ಎನ್ನುವುದೇ ನೋವು. ಅವನ ಬಾಯಿಗೆ ಆ ಮಾತು ಅಷ್ಟು ಸಲೀಸಾಗಿ ಬಂತಲ್ಲ, ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲವಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನೋವು.

ಅವಳು ತಿರುಗಿ ಗುಡಿಸಲಿಗೆ ಬಂದಳು.

"ಎಲ್ಲಕ್ಕ, ಅವ್ರು?" ಎಂದಳು ಕಾವೇರಮ್ಮ.

"ಛತ್ರದಾಗೇ ತಾವು ಸಿಕ್ತು."

"ಒಬ್ರಿಗೇನಾ?"

"ಒಬ್ರಿಗೇ."

ಕಾವೇರಮ್ಮ ಅವಳ ಮುಖ ನೋಡಿದಳು.  ರಾಗಿಮುದ್ದೆ, ಬಿಸಿ ಸಾರು ಮುಂದಿಟ್ಟಳು. ಚಿಕ್ಕಲಕ್ಷ್ಮಮ್ಮ ಅರ್ಧ ಮುದ್ದೆ ಉಂಡು, ದಿನದ ಸುಸ್ತಿಗೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಒಲೆಯ ಮಗ್ಗುಲು ಖಾಲಿಯೇ ಇತ್ತು.

ಬೆಳಗಿನ ಅಭಿಷೇಕಕ್ಕೆ ಗುಡಿಯಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಚಿಕ್ಕಲಕ್ಷ್ಮಮ್ಮ ತಣ್ಣೀರು ಸ್ನಾನ ಮಾಡಿ, ಕಾವೇರಮ್ಮ ಕೊಟ್ಟ ಅರಿಸಿನದ ಕೊಂಬು, ದಾರ ತಟ್ಟೆಯಲ್ಲಿಟ್ಟುಕೊಂಡು ನಿಂತಿದ್ದಳು. ಕೆಂಪಯ್ಯ ಬಂದ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಕಳೆ ಇತ್ತು.

"ಒಂದು ಕೆಮ್ಮು ಬರಲಿಲ್ಲ ಕಣೇ," ಎಂದ. "ಹಾಸಿಗೆ ಮುಟ್ಟಿದ್ದೊಂದೇ ಗೊತ್ತು. ನೀನೆಲ್ಲಿದ್ದೆ? ಅಲ್ಲೆಲ್ಲೋ ಮನೆ ಸಿಕ್ಕಿರ್ತದೆ ಅಂದ್ಕಂಡೆ."

ಅವಳು ತಟ್ಟೆಯಲ್ಲಿದ್ದ ದಾರ ಸರಿಮಾಡಿದಳು. ಅವನಿಗೆ ಒಳ್ಳೆಯ ನಿದ್ದೆ ಬಂದದ್ದು ಅವಳಿಗೆ ಸಂತೋಷವೇ ಆಗಿತ್ತು, ಅದೇ ಅವಳ ಸಂಕಟ. ಅಭಿಷೇಕ ಮುಗಿಯಿತು. ಪೂಜಾರರು ಕೊಂಬಿಗೆ ಕುಂಕುಮ ಹಚ್ಚಿ, ದೇವರ ಪಾದಕ್ಕೆ ಮುಟ್ಟಿಸಿ, ಕೆಂಪಯ್ಯನ ಕೈಗೆ ಕೊಟ್ಟರು. ಚಿಕ್ಕಲಕ್ಷ್ಮಮ್ಮ ತಲೆ ಬಗ್ಗಿಸಿದಳು. ದಾರ ಕತ್ತಿಗೆ ತಾಗಿತು. ಆಗ, ತಲೆ ಎತ್ತದೆ, ಅವನಿಗೆ ಮಾತ್ರ ಕೇಳಿಸುವ ಹಾಗೆ ಅವಳು ಹೇಳಿದಳು.

"ಒಬ್ನೇ ಬಂದಿವ್ನಿ ಅಂದ್ರಲ್ಲ."

ಅವನ ಕೈ ನಿಂತಿತು.

"ಕೇಳುಸ್ಕಂಡ್ಯಾ?"

"ಕಂಬದ ಹಿಂದ್ಗಡೆ ಇದ್ದೆ."

ಪೂಜಾರರು, "ಕಟ್ಟಪ್ಪ, ಹಿಂದೆ ಜನ ಅವ್ರೆ," ಎಂದರು. ಕೆಂಪಯ್ಯ ದಾರದ ಎರಡು ತುದಿ ಹಿಡಿದುಕೊಂಡು ಹಾಗೇ ನಿಂತಿದ್ದ. ಸಮಜಾಯಿಷಿ ಹೇಳುತ್ತಾನೆ, ನಿನ್ನ ಹಟದಿಂದಲೇ ಆದದ್ದು ಎನ್ನುತ್ತಾನೆ ಎಂದು ಅವಳು ಕಾದಳು. ಅವನು ಎರಡನ್ನೂ ಅನ್ನಲಿಲ್ಲ.

"ಸುಸ್ತಾಗೋಗಿತ್ತು ಕಣಮ್ಮಿ," ಎಂದ.

ಅದು ನಿಜ ಎಂದು ಅವಳಿಗೆ ಗೊತ್ತಿತ್ತು. ನಿಜವಾದದ್ದಕ್ಕೇ ಕಣ್ಣಲ್ಲಿ ನೀರು ತುಂಬಿ ಬಂತು.

"ನಂಗೂ ಸುಸ್ತಾಗೈತೆ," ಎಂದಳು. "ಕಟ್ಟಿ."